ದೂರದಿಂದ ಮನೆ ನೋಡುವ ಕಿಂಡಿ

ಕಾರ್ತೀಕ ಮಾಸ ಬಂತೆಂದರೆ ಗುಬ್ಬಿ ಸೀಮೆಯಲ್ಲಿ ಅಂಗಳಗಳು ಖಾಲಿ ಇರುವುದಿಲ್ಲ. ಸುಲಿದು ಬೇಯಿಸಿದ ಅಡಿಕೆ ಬಿಸಿಲಿಗೆ ಹರಡಿರುತ್ತದೆ. ಹಗಲು ಮೋಡದ ಭಯ, ರಾತ್ರಿ ಕಳ್ಳರ ಭಯ. ಕಾಯಬೇಕಾದ ಮಕ್ಕಳು ಓದು, ನೌಕರಿ ಎಂದು ತುಮಕೂರು ಸೇರಿರುತ್ತಾರೆ. ಊರ ಮನೆಯಲ್ಲಿ ಉಳಿದವರು ವಯಸ್ಸಾದ ತಾತ ಮತ್ತು ಅಜ್ಜಿ. ಇಂಥ ಎಷ್ಟೋ ಮನೆಗಳಲ್ಲಿ, ಹಿಂದೆ ಗುಬ್ಬಚ್ಚಿ ಗೂಡು ಕಟ್ಟುತ್ತಿದ್ದ ಸೂರಿನ ಕೆಳಗೆ, ಈಗ ಕ್ಯಾಮೆರಾ ಬಂದು ಕೂತಿದೆ.

ಅಂಥ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಅಪ್ಪನಿಗೆ ತುಮಕೂರಿನಲ್ಲಿ ನೌಕರಿ, ಮಗಳು ಎಸ್ಸೆಸ್ಸೆಲ್ಸಿ. ತಾತ, ಅಜ್ಜಿ ಸುಮಾರು 20 ಕಿ.ಮೀ. ದೂರದ ಗುಬ್ಬಿಯಲ್ಲಿದ್ದಾರೆ. ಚಿಕ್ಕಪ್ಪನ ತೆಂಗಿನ ತೋಟ ಕುಣಿಗಲ್ ಕಡೆ. ಗುಬ್ಬಿಯ ಮನೆಗೆ ನಾಲ್ಕು ಕ್ಯಾಮೆರಾ ಹಾಕಿಸಿದ್ದಾಯಿತು: ಬೀದಿ ಬಾಗಿಲಿಗೆ ಒಂದು, ಅಂಗಳಕ್ಕೆ ಒಂದು, ಹಿತ್ತಲಿಗೆ ಒಂದು, ನಡುಮನೆಗೆ ಒಂದು. ಟಿ.ವಿ.ಯಲ್ಲಿ ಚಿತ್ರವೂ ಬಂತು.

“ಇದನ್ನ ತುಮಕೂರಲ್ಲಿ ಕೂತು ಮೊಬೈಲಲ್ಲಿ ನೋಡೋ ಹಾಗೆ ಮಾಡಿಕೊಡಪ್ಪ” ಎಂದರು ಅಪ್ಪ.

ಕ್ಯಾಮೆರಾ ಹಾಕಲು ಬಂದಿದ್ದ ಹುಡುಗ ಹತ್ತು ನಿಮಿಷ ರೂಟರಿನೊಂದಿಗೆ ಏನೋ ಮಾಡಿದ. “ಆಯ್ತು ಸಾರ್. ಯೂಸರ್ ನೇಮ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಮರೆಯೋ ಹಾಗೇ ಇಲ್ಲ.”

ಮಗಳು ಪಕ್ಕದಲ್ಲೇ ಇದ್ದಳು. “ಅಪ್ಪಾ, ನಾವು ಮರೆಯೋ ಹಾಗಿಲ್ಲ, ಸರಿ. ಬೇರೆಯವರು ಊಹಿಸೋ ಹಾಗಿದೆಯಲ್ಲ?”

ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ವಾರದ ಕೆಲಸ.

ಕೀಲಿಮಣೆ ಇಲ್ಲದ ಗಣಕಯಂತ್ರ

ಮೊದಲು ಆ ಕರಿಯ ಪೆಟ್ಟಿಗೆಯ ಪರಿಚಯ ಮಾಡಿಕೊಳ್ಳೋಣ. ಡಿವಿಆರ್ ಎಂದರೆ ಡಿಜಿಟಲ್ ವಿಡಿಯೊ ರೆಕಾರ್ಡರ್. ಕ್ಯಾಮೆರಾಗಳಿಂದ ಬಂದ ಚಿತ್ರವನ್ನು ಅಂಕಿಗಳಾಗಿ ಕುಗ್ಗಿಸಿ, ತನ್ನೊಳಗಿನ ಹಾರ್ಡ್ ಡಿಸ್ಕಿನಲ್ಲಿ ಬರೆದಿಡುವುದು ಇದರ ಕೆಲಸ. ಡಿಸ್ಕು ತುಂಬಿದಾಗ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ.

ಎಷ್ಟು ದಿನಕ್ಕೆ ತುಂಬುತ್ತದೆ? ಲೆಕ್ಕ ಸುಲಭ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಮಾಹಿತಿ ಕಳಿಸುತ್ತದೆ ಎಂದಿಟ್ಟುಕೊಳ್ಳಿ. 8 ಬಿಟ್ ಸೇರಿದರೆ ಒಂದು ಬೈಟ್. ಅಂದರೆ ಸೆಕೆಂಡಿಗೆ ಕಾಲು ಮೆಗಾಬೈಟ್. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 21,600 ಮೆಗಾಬೈಟ್, ಎಂದರೆ 21.6 ಗಿಗಾಬೈಟ್. ನಾಲ್ಕು ಕ್ಯಾಮೆರಾಗಳಿಗೆ 86.4 ಗಿಗಾಬೈಟ್. 1,000 ಗಿಗಾಬೈಟಿನ ಡಿಸ್ಕಿದ್ದರೆ ಸುಮಾರು ಹನ್ನೊಂದೂವರೆ ದಿನದ ದಾಖಲೆ ಉಳಿಯುತ್ತದೆ. ಹದಿನೈದು ದಿನದ ಹಿಂದಿನ ಘಟನೆಯನ್ನು ಹುಡುಕಿ ಸಿಗಲಿಲ್ಲವೆಂದು ಪೆಟ್ಟಿಗೆಯನ್ನು ಬೈದು ಪ್ರಯೋಜನವಿಲ್ಲ.

ಆದರೆ ಈ ಪೆಟ್ಟಿಗೆಯನ್ನು ಟೇಪ್ ರೆಕಾರ್ಡರಿನಂಥ ಸಾಧನ ಎಂದು ತಿಳಿಯುವುದು ತಪ್ಪು. ಇದರೊಳಗೆ ಪ್ರೊಸೆಸರ್ ಇದೆ, ಸ್ಮೃತಿ ಇದೆ, ಕಾರ್ಯಾಚರಣೆಯ ತಂತ್ರಾಂಶ ಇದೆ. ಕೀಲಿಮಣೆ ಇಲ್ಲ ಎಂಬುದೊಂದನ್ನು ಬಿಟ್ಟರೆ ಇದು ಪೂರ್ಣ ಪ್ರಮಾಣದ ಗಣಕಯಂತ್ರ. ಇಂಟರ್‌ನೆಟ್ಟಿಗೆ ಜೋಡಿಸಿದ ಕೂಡಲೇ ಉಳಿದ ಗಣಕಗಳಿಗೆ ಇರುವ ಅಪಾಯಗಳೆಲ್ಲ ಇದಕ್ಕೂ ಅಂಟಿಕೊಳ್ಳುತ್ತವೆ.

ವಠಾರದ ವಿಳಾಸ

ತುಮಕೂರಿನಲ್ಲಿರುವ ಮೊಬೈಲು ಗುಬ್ಬಿಯ ಪೆಟ್ಟಿಗೆಯನ್ನು ಹುಡುಕುವುದು ಹೇಗೆ? ಕಾಗದಕ್ಕೆ ವಿಳಾಸ ಬೇಕಾದಂತೆ ಇಂಟರ್‌ನೆಟ್ಟಿನಲ್ಲಿ ಸಾಗುವ ಮಾಹಿತಿಗೂ ವಿಳಾಸ ಬೇಕು. ಇದಕ್ಕೆ ಐಪಿ ವಿಳಾಸ ಎಂದು ಹೆಸರು. ಇಂದಿಗೂ ಬಹಳವಾಗಿ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯಲ್ಲಿ ಈ ವಿಳಾಸ 32 ಬಿಟ್ ಉದ್ದ. 2ರ ಘಾತ 32 ಎಷ್ಟೆಂದು ಗುಣಿಸಿ ನೋಡಿ: ಸುಮಾರು 430 ಕೋಟಿ. ಭೂಮಿಯ ಮೇಲಿನ ಜನಸಂಖ್ಯೆಯೇ 800 ಕೋಟಿ ದಾಟಿರುವಾಗ ತಲೆಗೊಂದು ವಿಳಾಸವೂ ಸಾಲದು. 2011ರ ಫೆಬ್ರುವರಿಯಲ್ಲೇ ಜಾಗತಿಕ ದಾಸ್ತಾನಿನ ಕೊನೆಯ ಕಂತು ಹಂಚಿಕೆಯಾಗಿ ಹೋಯಿತು.

ಹಾಗಾದರೆ ಇಷ್ಟೊಂದು ಮೊಬೈಲು, ಟಿ.ವಿ., ಕ್ಯಾಮೆರಾ ನಡೆಯುತ್ತಿರುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಹಳೆಯ ವಠಾರದಂತಿದೆ. ಬೀದಿಯ ಕಡೆ ಒಂದೇ ಬಾಗಿಲು, ಒಂದೇ ಡೋರ್ ನಂಬರು. ಒಳಗೆ ಹತ್ತು ಮನೆ. ಹೊರಗಿನವರಿಗೆ ತಿಳಿದಿರುವುದು ಬೀದಿಯ ನಂಬರು ಮಾತ್ರ. ಒಳಗಿನ ಮನೆಗಳಿಗೆ ಒಳಗಿನ ಲೆಕ್ಕದ ನಂಬರು. ಮನೆಯ ರೂಟರೇ ಈ ವಠಾರದ ಯಜಮಾನ. ಅದು ಪೆಟ್ಟಿಗೆಗೆ 192.168.1.108 ಎಂಬಂಥ ಒಳ ನಂಬರು ಕೊಡುತ್ತದೆ. ಇಂಥ ಒಳ ನಂಬರುಗಳಿಗೆಂದೇ ಮೂರು ಗುಂಪುಗಳನ್ನು ಮೀಸಲಿಡಲಾಗಿದೆ. ಗುಬ್ಬಿಯ ಮನೆಯಲ್ಲೂ ಲಂಡನ್ನಿನ ಮನೆಯಲ್ಲೂ ಅದೇ 192.168 ಕಾಣುವುದು ಈ ಕಾರಣಕ್ಕೆ.

ಒಳಗಿನ ಮನೆಯವರು ಹೊರಗೆ ಕಾಗದ ಬರೆದರೆ ಯಜಮಾನ ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಪುಸ್ತಕ ನೋಡಿ ಸರಿಯಾದ ಮನೆಗೆ ತಲುಪಿಸುತ್ತಾನೆ. ಆದರೆ ಯಾರೂ ಕಾಗದ ಬರೆಯದೆ ಇದ್ದಾಗ ಹೊರಗಿನಿಂದ ಯಾರೋ ಬಂದು ಬಾಗಿಲು ತಟ್ಟಿದರೆ? ಪುಸ್ತಕದಲ್ಲಿ ಗುರುತಿಲ್ಲ, ಒಳಗೆ ಬಿಡುವುದಿಲ್ಲ. ತುಮಕೂರಿನ ಅಪ್ಪನ ಮೊಬೈಲು ಕೂಡ ಈ ಯಜಮಾನನ ಕಣ್ಣಿಗೆ ಹೊರಗಿನವನೇ.

ಕಿಂಡಿ ಕೊರೆದ ಮೇಲೆ

ಆ ಹುಡುಗ ಹತ್ತು ನಿಮಿಷದಲ್ಲಿ ಮಾಡಿದ್ದು ಇಷ್ಟೆ. “ಹೊರಗಿನಿಂದ ಯಾರೇ ಬಂದು ಈ ಸಂಖ್ಯೆಯ ಕಿಂಡಿಯನ್ನು ತಟ್ಟಿದರೆ ನೇರವಾಗಿ 192.168.1.108ಕ್ಕೆ ಕಳಿಸು” ಎಂದು ರೂಟರಿಗೆ ಹೇಳಿದ. ಈ ಕಿಂಡಿಗೆ ಪೋರ್ಟ್ ಎಂದೂ ಈ ಏರ್ಪಾಟಿಗೆ ಪೋರ್ಟ್ ಫಾರ್ವರ್ಡಿಂಗ್ ಎಂದೂ ಹೆಸರು. ಪೋರ್ಟಿನ ಸಂಖ್ಯೆ 16 ಬಿಟ್ ಉದ್ದವಾದ್ದರಿಂದ ಪ್ರತಿ ವಿಳಾಸಕ್ಕೂ ಇಂಥ 65,536 ಕಿಂಡಿಗಳಿರಬಹುದು. ವೆಬ್ ಪುಟಗಳಿಗೆ ವಾಡಿಕೆಯಲ್ಲಿ 80, ವಿಡಿಯೊ ಪ್ರವಾಹಕ್ಕೆ 554.

“ಯಾರೇ ಬಂದು” ಎಂಬ ಮಾತನ್ನು ಗಮನಿಸಿ. ಕಿಂಡಿಗೆ ಅಪ್ಪನೂ ಒಂದೇ, ಅಪರಿಚಿತನೂ ಒಂದೇ. ಗುಬ್ಬಿಯ ಒಂದು ಮನೆಯಲ್ಲಿ ಇಂಥ ಕಿಂಡಿ ಇದೆಯೆಂದು ಜಗತ್ತಿನಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದು ಅಪ್ಪ ಕೇಳಬಹುದು. ಅದಕ್ಕೆ ಉತ್ತರ 2013ರಲ್ಲೇ ಸಿಕ್ಕಿದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಜೀಮ್ಯಾಪ್ ಎಂಬ ತಂತ್ರಾಂಶ ಬರೆದರು. ಒಳ್ಳೆಯ ವೇಗದ ಸಂಪರ್ಕವಿದ್ದರೆ ಒಂದೇ ಗಣಕದಿಂದ, ಮುಕ್ಕಾಲು ಗಂಟೆಯೊಳಗೆ, ನಾಲ್ಕನೆಯ ಆವೃತ್ತಿಯ ಅಷ್ಟೂ ವಿಳಾಸಗಳ ಒಂದು ಕಿಂಡಿಯನ್ನು ತಟ್ಟಿ ನೋಡಬಹುದೆಂದು ತೋರಿಸಿದರು. ನಮ್ಮ ಮನೆ ಯಾರಿಗೂ ಗೊತ್ತಿಲ್ಲ ಎಂಬ ಧೈರ್ಯ ಇಲ್ಲಿ ನಡೆಯದು. ಕಿಂಡಿಯ ನಂಬರು ಬದಲಿಸಿದರೆ ಹುಡುಕುವವನಿಗೆ ಸ್ವಲ್ಪ ತಡವಾಗಬಹುದು, ಅಷ್ಟೆ.

ತಟ್ಟಿದ ಮೇಲೆ ಏನಾಗುತ್ತದೆ ಎಂಬುದಕ್ಕೆ 2016 ಸಾಕ್ಷಿ. ಆ ವರ್ಷ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹರಡಿತು. ಜಪಾನಿ ಭಾಷೆಯಲ್ಲಿ ಈ ಪದಕ್ಕೆ ಭವಿಷ್ಯ ಎಂದು ಅರ್ಥ! ಅದರ ಬಳಿ ದೊಡ್ಡ ಮಂತ್ರವೇನೂ ಇರಲಿಲ್ಲ. ಇದ್ದದ್ದು ಸುಮಾರು 60 ಜೋಡಿ ಹೆಸರು ಮತ್ತು ಪಾಸ್‌ವರ್ಡುಗಳ ಒಂದು ಪಟ್ಟಿ; ಎಲ್ಲವೂ ಕಾರ್ಖಾನೆಯಲ್ಲೇ ಇಟ್ಟು ಕಳಿಸಿದಂಥವು. ಗುಬ್ಬಿಯ ಹುಡುಗ ಹೇಳಿದ ‘ಅಡ್ಮಿನ್, ಅಡ್ಮಿನ್’ ಕೂಡ ಆ ಪಟ್ಟಿಯಲ್ಲಿತ್ತು. ಈ ಪಟ್ಟಿಯಿಂದಲೇ ಅದು ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್, ರೂಟರುಗಳನ್ನು ವಶಮಾಡಿಕೊಂಡಿತು. 2016ರ ಅಕ್ಟೋಬರ್ 21ರಂದು ಇಂಥ ಉಪಕರಣಗಳೆಲ್ಲ ಒಟ್ಟಾಗಿ ಡೈನ್ ಎಂಬ ಅಮೆರಿಕದ ಕಂಪನಿಯ ಮೇಲೆ ಮಾಹಿತಿಯ ಪ್ರವಾಹ ಹರಿಸಿದಾಗ ಟ್ವಿಟ್ಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಅನೇಕರಿಗೆ ಸಿಗದಾದವು. ಮನೆ ಕಾಯಲು ಇಟ್ಟ ಕಾವಲುಗಾರರೇ, ಮನೆಯವರಿಗೆ ಅರಿವಿಲ್ಲದಂತೆ, ಬೇರೆಯವರ ಮನೆಗೆ ಕಲ್ಲು ಹೊಡೆಯಲು ಹೋಗಿದ್ದರು.

ಮಿರಾಯ್ ಬರೆದವರು ಇಪ್ಪತ್ತರ ಆಸುಪಾಸಿನ ಮೂವರು ಅಮೆರಿಕನ್ ಯುವಕರು. 2017ರ ಡಿಸೆಂಬರಿನಲ್ಲಿ ಅವರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಬುದ್ಧಿಗೆ ಕೊರತೆ ಇರಲಿಲ್ಲ, ವಿವೇಕಕ್ಕೆ ಇತ್ತು. ನಮ್ಮ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ಬೀಗ ಹಾಕದ ಮನೆಗೆ ನುಗ್ಗಿದರೂ ಅದು ನುಗ್ಗಿದ್ದೇ. ಇನ್ನೊಬ್ಬರ ಕ್ಯಾಮೆರಾದ ಪಾಸ್‌ವರ್ಡ್ ಊಹಿಸಿ ಒಳಗೆ ಇಣುಕುವುದು ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ.

ನಮ್ಮ ದೇಶದ ಉದಾಹರಣೆ ಇನ್ನೂ ನೋವಿನದು. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟದ ಒಂದು ಹೆರಿಗೆ ಆಸ್ಪತ್ರೆಯೊಳಗಿನ ಕ್ಯಾಮೆರಾ ದೃಶ್ಯಗಳು ಕಳುವಾಗಿ, ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕೆ ಬಿದ್ದಿದ್ದು ಬೆಳಕಿಗೆ ಬಂತು. ಚಿಕಿತ್ಸೆಗೆ ಹೋದ ಹೆಣ್ಣುಮಕ್ಕಳ ಮಾನ ಬೀದಿಗೆ ಬಂದಿತ್ತು. ಬದಲಿಸದೆ ಬಿಟ್ಟ ಸುಲಭದ ಪಾಸ್‌ವರ್ಡೇ ದಾರಿಯಾಯಿತೆಂದು ಆ ತನಿಖೆಯ ವರದಿಗಳು ಹೇಳಿದವು. ಅಡಿಕೆ ಕಳುವಾದರೆ ಮುಂದಿನ ವರ್ಷ ಮತ್ತೆ ಬೆಳೆಯಬಹುದು. ಇಂಥ ಕಳುವಿಗೆ ಮುಂದಿನ ವರ್ಷ ಎಂಬುದಿಲ್ಲ.

ಕುಣಿಗಲ್ ತೋಟದ ಗುಟ್ಟು

ಗುಬ್ಬಿಯ ಕ್ಯಾಮೆರಾ ನೋಡಿ ಕುಣಿಗಲ್ಲಿನ ಚಿಕ್ಕಪ್ಪನಿಗೂ ಆಸೆ ಹುಟ್ಟಿತು. ತೋಟದ ಪಂಪ್‌ಸೆಟ್ಟಿನ ಕೇಬಲ್ ಕಾಯಬೇಕಲ್ಲ! ಅಲ್ಲಿಗೆ ತಂತಿಯ ಸಂಪರ್ಕವಿಲ್ಲ. ಸಿಮ್ ಹಾಕುವ ರೂಟರ್ ತಂದರು. ಅದೇ ಹುಡುಗ ಬಂದು ಅದೇ ರೀತಿ ಕಿಂಡಿ ಕೊರೆದ. ಆದರೆ ಎಷ್ಟು ತಟ್ಟಿದರೂ ಮೊಬೈಲಿನಲ್ಲಿ ಚಿತ್ರ ಬರಲಿಲ್ಲ. ಪೆಟ್ಟಿಗೆ ಕೆಟ್ಟಿದೆ ಎಂದು ಬದಲಿಸಿದ್ದೂ ಆಯಿತು. ಫಲವಿಲ್ಲ.

ಇಲ್ಲಿ ಪೆಟ್ಟಿಗೆಯ ತಪ್ಪೇನೂ ಇಲ್ಲ. ಮೊಬೈಲ್ ಕಂಪನಿಗಳಿಗೆ ಕೋಟಿಗಟ್ಟಲೆ ಗ್ರಾಹಕರು. ಇರುವ ವಿಳಾಸಗಳೋ ಕೆಲವೇ. ಆದ್ದರಿಂದ ಅವರು ನೂರಾರು ಗ್ರಾಹಕರನ್ನು ಒಂದೇ ಹೊರ ವಿಳಾಸದ ಹಿಂದೆ ಇರಿಸುತ್ತಾರೆ. ಅಂದರೆ ವಠಾರದೊಳಗೆ ಮತ್ತೊಂದು ವಠಾರ. ಚಿಕ್ಕಪ್ಪ ತನ್ನ ಒಳ ಬಾಗಿಲಿಗೆ ಕಿಂಡಿ ಕೊರೆಸಿದ್ದು ನಿಜ. ಬೀದಿಯ ಹೆಬ್ಬಾಗಿಲು ಮಾತ್ರ ಕಂಪನಿಯ ಕೈಯಲ್ಲಿದೆ. ಈ ನಡುವಿನ ವಠಾರಕ್ಕೆಂದೇ 2012ರಲ್ಲಿ ಒಂದು ವಿಳಾಸದ ಗುಂಪನ್ನು ಮೀಸಲಿಟ್ಟರು: 100.64ರಿಂದ 100.127ರವರೆಗೆ ಆರಂಭವಾಗುವಂಥವು. ರೂಟರಿನ ಪುಟದಲ್ಲಿ ಹೊರ ವಿಳಾಸ ಎಂದು ಈ ಗುಂಪಿನದೋ, 10ರಿಂದ ಆರಂಭವಾಗುವ ಸಂಖ್ಯೆಯೋ ಕಂಡರೆ ಕಿಂಡಿ ಕೊರೆಯುವ ಶ್ರಮ ವ್ಯರ್ಥ ಎಂದು ತಿಳಿಯಬೇಕು. ಫೈಬರ್ ಸಂಪರ್ಕ ಕೊಡುವ ಕೆಲವರೂ ಇದೇ ಪದ್ಧತಿ ಅನುಸರಿಸುತ್ತಾರೆ.

128 ಬಿಟ್ ಉದ್ದದ ಆರನೆಯ ಆವೃತ್ತಿಯ ವಿಳಾಸಗಳು ಬಳಕೆಗೆ ಬರುತ್ತಿವೆ. ಅಲ್ಲಿ ವಿಳಾಸದ ಬರವಿಲ್ಲ. ಆದರೆ ಹಳೆಯ ರೆಕಾರ್ಡರುಗಳಲ್ಲಿ ಅನೇಕಕ್ಕೆ ಆ ಭಾಷೆ ಬಾರದು.

ಒಳಗಿನಿಂದಲೇ ಹೊರಡುವ ದಾರಿ

ಹಾಗಾದರೆ ಚಿಕ್ಕಪ್ಪನಿಗೆ ದಾರಿ ಇಲ್ಲವೇ? ಇದೆ; ಅದು ಗುಬ್ಬಿಯ ಮನೆಗೂ ಒಳ್ಳೆಯ ದಾರಿಯೇ. ಒಳಗಿನವರು ಮೊದಲು ಕಾಗದ ಬರೆದರೆ ಉತ್ತರವನ್ನು ಯಜಮಾನ ತಡೆಯುವುದಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ಇಂದಿನ ರೆಕಾರ್ಡರುಗಳು ತಾವೇ ಹೊರಟು ತಯಾರಕರ ಸರ್ವರಿಗೆ ಸಂಪರ್ಕ ಮಾಡಿ, ಆ ದಾರಿಯನ್ನು ತೆರೆದೇ ಇಟ್ಟುಕೊಂಡಿರುತ್ತವೆ. ಅಪ್ಪನ ಮೊಬೈಲು ಕೂಡ ಅದೇ ಸರ್ವರಿಗೆ ಹೋಗುತ್ತದೆ. ಸರ್ವರು ಇಬ್ಬರ ಕೈಯನ್ನೂ ಹಿಡಿದು ಪರಿಚಯ ಮಾಡಿಸುತ್ತದೆ. ರೂಟರಿನಲ್ಲಿ ಕಿಂಡಿ ಕೊರೆಯುವ ಅಗತ್ಯವಿಲ್ಲ. ಎರಡು ವಠಾರ ಅಡ್ಡ ಇದ್ದರೂ ತೊಂದರೆಯಿಲ್ಲ. ಸೆಟ್ಟಿಂಗಿನಲ್ಲಿ ಇದನ್ನು ಪಿ-ಟು-ಪಿ ಅಥವಾ ಕ್ಲೌಡ್ ಎಂದು ಬರೆದಿರುತ್ತಾರೆ. ಪೆಟ್ಟಿಗೆಯ ಮೇಲಿನ ಚೌಕ ಚುಕ್ಕಿಗಳ ಕ್ಯುಆರ್ ಚಿತ್ರವನ್ನು ಮೊಬೈಲಿಗೆ ತೋರಿಸಿದರೆ ನೋಂದಣಿಯಾಗುತ್ತದೆ.

ಇದಕ್ಕೂ ಬೆಲೆ ಇದೆ. ನಮ್ಮ ಮನೆಯ ದಾರಿ ತಯಾರಕರ ಸರ್ವರಿನ ಮೂಲಕ ಹಾಯುತ್ತದೆ; ಅವರನ್ನು ನಂಬಬೇಕು. ಹೆಸರು ಕೇಳದ ಅಗ್ಗದ ಪೆಟ್ಟಿಗೆಯನ್ನು ಕೊಳ್ಳುವ ಮುನ್ನ ಈ ಮಾತನ್ನು ಯೋಚಿಸಬೇಕು. ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಭದ್ರತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕೆಂಬ ನಿಯಮ 2025ರ ಏಪ್ರಿಲ್ 9ರಿಂದ ಜಾರಿಗೆ ಬಂದಿದೆ. ಆದರೆ ಅದಕ್ಕೆ ಹಿಂದೆ ಕೊಂಡವು ಗೋಡೆಯ ಮೇಲೆ ಹಾಗೆಯೇ ಇವೆ. ತಿಳಿವಳಿಕೆ ಇರುವವರು ವಿಪಿಎನ್ ಎಂಬ ಗೂಢಲಿಪಿಯ ಸುರಂಗವನ್ನು ತಾವೇ ಏರ್ಪಡಿಸಿಕೊಳ್ಳುವುದುಂಟು. ಸಾಮಾನ್ಯ ಮನೆಗೆ, ನಂಬಿಕಸ್ಥ ತಯಾರಕರ ಕ್ಲೌಡ್ ದಾರಿ ಮತ್ತು ಗಟ್ಟಿ ಪಾಸ್‌ವರ್ಡ್ ಸಾಕು.

ಪಾಸ್‌ವರ್ಡ್ ಗಟ್ಟಿ ಎಂದರೆ ಎಷ್ಟು? ನಾಲ್ಕು ಅಂಕಿಗಳದಾದರೆ ಸಾಧ್ಯತೆಗಳು 10,000. ಸೆಕೆಂಡಿಗೆ ಹತ್ತರಂತೆ ಗಣಕ ಪ್ರಯತ್ನಿಸಿದರೆ 17 ನಿಮಿಷದೊಳಗೆ ಮುಗಿಯಿತು. ಇಂಗ್ಲಿಷಿನ ಎಂಟು ಸಣ್ಣಕ್ಷರಗಳನ್ನು ಮನಬಂದಂತೆ ಜೋಡಿಸಿದ್ದಾದರೆ 26ರ ಘಾತ 8, ಅಂದರೆ 20,882 ಕೋಟಿಗೂ ಹೆಚ್ಚು. ಅದೇ ವೇಗದಲ್ಲಿ ಎಲ್ಲವನ್ನೂ ಪ್ರಯತ್ನಿಸಲು 660 ವರ್ಷ ಬೇಕು. ಮಗುವಿನ ಹೆಸರು, ಹುಟ್ಟಿದ ವರ್ಷ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ ನಡುವೆ ಅಂಕಿ ಸೇರಿಸಿದರೆ, ನೆನಪಿಡಲು ಸುಲಭ, ಊಹಿಸಲು ಕಷ್ಟ.

ಇನ್ನುಳಿದದ್ದು ಮನೆಗೆಲಸದಂಥ ಕೆಲಸ. ಹಾಕಲು ಬಂದವರು ಹೊರಟ ಮೇಲೆ ರೆಕಾರ್ಡರಿನ ಪಾಸ್‌ವರ್ಡನ್ನೂ ರೂಟರಿನ ಪಾಸ್‌ವರ್ಡನ್ನೂ ಮನೆಯವರೇ ಬದಲಿಸಬೇಕು. ಮೊದಲು ಕೊರೆದ ಕಿಂಡಿಯನ್ನು ಅಳಿಸಬೇಕು. ಉಪಕರಣಗಳು ಕೇಳದೆಯೇ ಕಿಂಡಿ ತೆರೆಯಲು ಬಿಡುವ ಯುಪಿಎನ್‌ಪಿ ಎಂಬ ಸೌಲಭ್ಯ ರೂಟರಿನಲ್ಲಿದ್ದರೆ ಅದನ್ನು ನಿಲ್ಲಿಸಬೇಕು. ಬಂಧುಗಳಿಗೆ ಕೊಡುವುದಾದರೆ, ನೋಡಲು ಮಾತ್ರ ಅವಕಾಶವಿರುವ ಬೇರೆ ಖಾತೆ ಕೊಡಬೇಕು. ಕ್ಯುಆರ್ ಚಿತ್ರವನ್ನು ವಾಟ್ಸಾಪಿನಲ್ಲಿ ಹಂಚಬಾರದು. ತಯಾರಕರು ತಂತ್ರಾಂಶದ ತಿದ್ದುಪಡಿ ಕಳಿಸಿದಾಗ ಹಾಕಿಕೊಳ್ಳಬೇಕು. ಪೆಟ್ಟಿಗೆಯ ಗಡಿಯಾರ ಸರಿಯಿರಬೇಕು. ತಪ್ಪು ಸಮಯದ ದೃಶ್ಯ ಸಾಕ್ಷಿಯಾಗಿ ತೂಗುವುದಿಲ್ಲ. ಕರೆಂಟು ಹೋದರೆ ರೂಟರು ನಿಲ್ಲುತ್ತದೆ, ಕಣ್ಣೂ ಮುಚ್ಚುತ್ತದೆ. ಆದ್ದರಿಂದ ರೆಕಾರ್ಡರು, ರೂಟರು ಎರಡಕ್ಕೂ ಯುಪಿಎಸ್ ಬೇಕು. ಮೊಬೈಲಿನಲ್ಲಿ ನೋಡುವಾಗ ಸಬ್ ಸ್ಟ್ರೀಮ್ ಎಂಬ ಸಣ್ಣ ಚಿತ್ರ ಆರಿಸಿದರೆ ಸಾಕು. ಸೆಕೆಂಡಿಗೆ 2 ಮೆಗಾಬಿಟ್ಟಿನ ದೊಡ್ಡ ಚಿತ್ರ ಗಂಟೆಗೆ 900 ಮೆಗಾಬೈಟ್ ನುಂಗಿದರೆ, ಅದರ ಕಾಲು ಭಾಗದ್ದು 225 ಮಾತ್ರ.

ನಡುಮನೆಯ ಕಣ್ಣು

ಗುಬ್ಬಿಯ ಮನೆಯಲ್ಲಿ ಇದೆಲ್ಲ ಮುಗಿಯುವ ಹೊತ್ತಿಗೆ ಸಂಜೆಯಾಯಿತು. ಹೊಸ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ತಾತನ ಟ್ರಂಕಿನಲ್ಲಿ, ಪಹಣಿ ಪತ್ರಗಳ ಜೊತೆ ಇಟ್ಟರು. ಅದೇನೂ ಕೆಟ್ಟ ಜಾಗವಲ್ಲ. ದೂರದ ಕಳ್ಳನಿಗೆ ಟ್ರಂಕು ತೆರೆಯಲು ಬರುವುದಿಲ್ಲ.

ಅಜ್ಜಿ ಮಾತ್ರ ನಡುಮನೆಗೆ ಬಂದವರು ಸೆರಗು ಹೊದ್ದುಕೊಂಡೇ ಕೂತಿದ್ದರು.

“ಯಾಕಜ್ಜಿ, ಚಳೀನಾ?” ಎಂದಳು ಮೊಮ್ಮಗಳು.

“ಚಳಿ ಅಲ್ಲ ಕಣಮ್ಮ. ಅದು ನೋಡ್ತಾ ಇರುತ್ತಲ್ಲ.”

“ನಾನೇ ಅಲ್ವೇನವ್ವ ನೋಡೋನು?” ಎಂದರು ಅಪ್ಪ.

“ನೀನೇ ಕಣಪ್ಪ. ಆದ್ರೂ ನನ್ನ ಒಂದು ಮಾತು ಕೇಳಬೇಕಿತ್ತು.”

ಅಜ್ಜಿಯ ಮಾತಿನ ಹಿಂದೆ ದೊಡ್ಡ ತತ್ವವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕು ಎಂದು ಸಾರಿತು. ಸರ್ಕಾರದ ಎದುರು ನಾವು ಕೇಳಿ ಪಡೆದ ಈ ಮರ್ಯಾದೆಯನ್ನು ನಮ್ಮ ಮನೆಯ ಹಿರಿಯರಿಗೆ, ಮಕ್ಕಳಿಗೆ, ಕೆಲಸಕ್ಕೆ ಬರುವವರಿಗೆ ನಾವೇ ಕೊಡದಿದ್ದರೆ ಹೇಗೆ?

ಕಳ್ಳ ಬರುವುದು ಬೀದಿಯಿಂದ, ಹಿತ್ತಲಿನಿಂದ. ಕಣ್ಣು ಅಲ್ಲಿರಲಿ. ಮಲಗುವ, ಬಟ್ಟೆ ಬದಲಿಸುವ, ಕಾಲು ಚಾಚಿ ಕೂರುವ ಜಾಗದಲ್ಲಿ ಕ್ಯಾಮೆರಾ ಬೇಡ. ಎಷ್ಟೇ ಗಟ್ಟಿ ಬೀಗವಿದ್ದರೂ ಒಂದಲ್ಲ ಒಂದು ದಿನ ಸೋಲಬಹುದು. ತೆಗೆಯದೇ ಇದ್ದ ಚಿತ್ರವನ್ನು ಮಾತ್ರ ಯಾರೂ ಕದಿಯಲಾರರು.

ಅಪ್ಪ ಏಣಿ ತಂದರು. ನಡುಮನೆಯ ಕ್ಯಾಮೆರಾ ಇಳಿದು ಅಡಿಕೆ ಬೇಯಿಸುವ ಒಲೆಯ ಕಡೆಯ ಕಂಬಕ್ಕೆ ಹೋಯಿತು. ಅಜ್ಜಿ ಸೆರಗು ಸಡಿಲಿಸಿ, ಕಾಲು ಚಾಚಿ, ಎಲೆಅಡಿಕೆಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

ಮಾಡಿ ನೋಡಿ: ಮನೆಯ ವೈಫೈಗೆ ಜೋಡಿಸಿದ ಮೊಬೈಲಿನ ಸೆಟ್ಟಿಂಗಿನಲ್ಲಿ ಅದರ ಐಪಿ ವಿಳಾಸ ಹುಡುಕಿ ಬರೆದುಕೊಳ್ಳಿ. ಬಳಿಕ ರೂಟರಿನ ಪುಟದಲ್ಲಿ ಕಾಣುವ ಹೊರ ವಿಳಾಸವನ್ನು ಹಿರಿಯರ ಜೊತೆ ಕೂತು ನೋಡಿ. ನಿಮ್ಮದು ಒಂದು ವಠಾರವೋ, ವಠಾರದೊಳಗಿನ ವಠಾರವೋ? ರೂಟರಿನ ಪಾಸ್‌ವರ್ಡ್ ಇನ್ನೂ ಕಾರ್ಖಾನೆಯದೇ ಆಗಿದ್ದರೆ, ಅದನ್ನು ಬದಲಿಸುವವರೆಗೆ ಏಳಬೇಡಿ.